ಮಡಿಕೇರಿಯಲ್ಲಿ ಮನೆಯ ವರಾಂಡಕ್ಕೆ ಗಾಜು ಹಾಕಿಸಿ ಸನ್‌ರೂಮ್ ಮಾಡಿಸಲು ಎಷ್ಟು ಖರ್ಚಾಗುತ್ತದೆ?

ನಿಮ್ಮ ವರಾಂಡ 20 ಅಡಿ ಉದ್ದ, 8 ಅಡಿ ಅಗಲ. ಮೂರು ಕಡೆ ತೆರೆದಿದೆ, ಎರಡೂವರೆ ಅಡಿ ಮೋಟುಗೋಡೆ ಇದೆ, ಮೇಲೆ ಹಂಚು. ಹಂಚು ತೆಗೆದು ಗಾಜಿನ ಚಾವಣಿಯನ್ನೇ ಹಾಕಿಸಬಹುದಾ ಅಂತಲೂ ಕೇಳಿದ್ದೀರಿ. ಮೊದಲು ಅದನ್ನೇ ಹೇಳಿಬಿಡುತ್ತೇನೆ: ದಯವಿಟ್ಟು ಬೇಡ.

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಗಾಜಿನ ಚಾವಣಿಯ ಜೋಡಣೆಗಳು ಸಾಮಾನ್ಯವಾಗಿ ಸಿಲಿಕೋನ್ ಅಂಟಿನ ಮೇಲೆ ನಿಂತಿರುತ್ತವೆ. ನಾಲ್ಕು ತಿಂಗಳು ಬಿಡದೆ ನೆನೆಯುವ ಊರಿನಲ್ಲಿ ಅದನ್ನು ನಂಬುವುದು ಕಷ್ಟ. ಪಾಚಿ ಕಟ್ಟುತ್ತದೆ, ಗಾಳಿಗೆ ಸಿಲ್ವರ್ ಓಕ್ ಕೊಂಬೆ ಮುರಿದು ಬೀಳುತ್ತದೆ, ಮಾರ್ಚ್ ಬಂದರೆ ಒಳಗೆ ಕೂರಲಾಗದಷ್ಟು ಸೆಕೆ. ಬೆಳಕು ಬೇಕಿದ್ದರೆ ಹಂಚಿನ ನಡುವೆ ಅಲ್ಲಲ್ಲಿ ಗಾಜಿನ ಹಂಚು ಹಾಕಿಸಿ, ಸಾಕು.

ಈಗ ಲೆಕ್ಕಕ್ಕೆ ಬರೋಣ. ಮೂರು ಕಡೆ ಸೇರಿ 36 ಅಡಿ, ಮೋಟುಗೋಡೆಯ ಮೇಲೆ ಐದೂವರೆ ಅಡಿ ಎತ್ತರ ಅಂದುಕೊಂಡರೆ 198 ಚದರ ಅಡಿ. ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಗೆ ಚದರ ಅಡಿಗೆ 450 ರೂಪಾಯಿ ಹಿಡಿದರೆ ಸುಮಾರು 89,000. ಯುಪಿವಿಸಿಗೆ, ಅಂದರೆ ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ ಕಿಟಕಿಗೆ, 700 ಹಿಡಿದರೆ ಸುಮಾರು 1,39,000. ಇದರ ಮೇಲೆ ಶೇ 18 ಜಿಎಸ್‌ಟಿ ಇದೆ, ಅಲ್ಲಿಗೆ ಯುಪಿವಿಸಿ 1,64,000ರ ಹತ್ತಿರ ಹೋಗುತ್ತದೆ. ಗಾಜಿನ ದಪ್ಪ, ಸೆಕ್ಷನ್ (ಚೌಕಟ್ಟಿನ ಪಟ್ಟಿಯ ಗಾತ್ರ), ಕಂಪನಿ ನೋಡಿ ದರ ಮೇಲೆ ಕೆಳಗೆ ಆಗುತ್ತದೆ. ಮೈಸೂರಿನಿಂದ ತರಿಸಿದರೆ ಸಾಗಾಟ ಬೇರೆ. ಕೊಟೇಶನ್ ತಗೊಳ್ಳುವಾಗ ಸಾಗಾಟ, ಫಿಟ್ಟಿಂಗ್, ಸೊಳ್ಳೆ ಜಾಲರಿ ಎಲ್ಲಾ ಸೇರಿದೆಯಾ ಅಂತ ಬಾಯಿಬಿಟ್ಟು ಕೇಳಿ. ಕಡಿಮೆ ದರ ಹೇಳುವವರು ಸಾಮಾನ್ಯವಾಗಿ ಇವನ್ನೇ ಬಿಟ್ಟಿರುತ್ತಾರೆ.

ಆದರೆ ನನ್ನ ಪ್ರಕಾರ ನಮ್ಮ ಕಡೆ ಮೊದಲ ಹಣ ಗಾಜಿಗೆ ಹೋಗಬಾರದು, ಸೂರಿಗೆ ಹೋಗಬೇಕು. ಕಕ್ಕಡ ತಿಂಗಳ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ) ಮಳೆ ನೇರ ಬೀಳುವುದಿಲ್ಲ, ಎರಚಲು ಹೊಡೆಯುತ್ತದೆ. ಗಾಜಿಗೆ ಹೊಡೆದ ನೀರು ಇಳಿದು ಕಿಟಕಿಯ ಟ್ರ್ಯಾಕಿನಲ್ಲಿ ನಿಂತು, ಅಲ್ಲಿಂದ ಒಳಗೆ ಬರುತ್ತದೆ. ಸೂರು ಎರಡು ಅಡಿಯಾದರೂ ಮುಂದೆ ಚಾಚಿದ್ದರೆ, ಅದಕ್ಕೆ ನೀರು ಹರಿದುಹೋಗುವ ಸರಿಯಾದ ದಂಬೆ ಇದ್ದರೆ, ಅರ್ಧ ತೊಂದರೆ ಅಲ್ಲೇ ಮುಗಿಯಿತು. ಮೋಟುಗೋಡೆಯ ತಲೆ ಹೊರಕ್ಕೆ ಇಳಿಜಾರಾಗಿರಬೇಕು. ಟ್ರ್ಯಾಕಿನ ಹೊರಬದಿಯಲ್ಲಿ ನೀರು ಹೋಗುವ ಸಣ್ಣ ತೂತುಗಳಿವೆಯಾ ಅಂತ ನೀವೇ ಬಗ್ಗಿ ನೋಡಿ. ಈ ಗಾರೆ ಕೆಲಸ, ದಂಬೆ, ಸೂರಿಗೆ ಅಂತ 30–40 ಸಾವಿರ ಬೇರೆ ತೆಗೆದಿಡಿ.

ಇನ್ನೊಂದು ವಿಷಯ ಗಾಳಿ. ಪೂರ್ತಿ ಮುಚ್ಚಿದ ವರಾಂಡದಲ್ಲಿ ಮಳೆಗಾಲದ ತೇವ ಹೊರಗೆ ಹೋಗದೆ ಗಾಜಿನ ಒಳಬದಿಯಲ್ಲಿ ಹನಿ ಕಟ್ಟುತ್ತದೆ, ಕುರ್ಚಿ, ಚಪ್ಪಲಿ, ಗೋಡೆ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಒದ್ದೆ ಬಟ್ಟೆ ಒಣಗಿಸಲು ಇದೇ ಜಾಗ ಅಂದುಕೊಂಡಿದ್ದರಂತೂ ಕೇಳುವುದೇ ಬೇಡ. ಮೇಲುಗಡೆ ಒಂದಡಿ ಎತ್ತರದ ಜಾಲರಿ ಇಟ್ಟು, ಗಾಳಿ ಆಡುವಂತೆ ಬಿಡಿ.

ವರಾಂಡ ಯಾವ ದಿಕ್ಕಿಗಿದೆ ಅಂತ ನೀವು ಬರೆದಿಲ್ಲ. ಪೂರ್ವಕ್ಕಿದ್ದರೆ ನೀವು ಅದೃಷ್ಟವಂತರು. ಡಿಸೆಂಬರ್ ಚಳಿಯಲ್ಲಿ ಬೆಳಗಿನ ಬಿಸಿಲು ಸಿಗುತ್ತದೆ, ಮುಂಗಾರಿಗೆ ಮನೆಯ ಬೆನ್ನು ಇರುತ್ತದೆ. ನೈಋತ್ಯಕ್ಕೋ ಪಶ್ಚಿಮಕ್ಕೋ ಇದ್ದರೆ ಆ ಬದಿಗೆ ಮಾತ್ರ 5 ಮಿಲಿಮೀಟರ್ ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜು ಹಾಕಿಸಿ, ಉಳಿದ ಕಡೆ ಪಾರದರ್ಶಕ ರೋಲ್ ಪರದೆ ಇಳಿಬಿಡಬಹುದು. ಪರದೆಗೆ ಚದರ ಅಡಿಗೆ 150 ರೂಪಾಯಿ ಹಿಡಿದರೆ ಮೂರೂ ಕಡೆಗೆ ಕೂಡ 30,000 ದಾಟುವುದಿಲ್ಲ. ಬಜೆಟ್ ಬಿಗಿ ಇದ್ದರೆ ಒಂದು ಮಳೆಗಾಲ ಇದರಲ್ಲೇ ಕಳೆದು, ಎರಚಲು ನಿಜವಾಗಿ ಎಲ್ಲಿಂದ ಬರುತ್ತದೆ ಅಂತ ನೋಡಿ ಆಮೇಲೆ ಗಾಜಿಗೆ ಕೈ ಹಾಕಿ. ಟಫನ್ಡ್ ಗಾಜನ್ನು ತಯಾರಾದ ಮೇಲೆ ಕತ್ತರಿಸಲು ಆಗುವುದಿಲ್ಲ. ಹಾಗಾಗಿ ಗಾರೆ ಕೆಲಸ ಮುಗಿದ ಮೇಲೆಯೇ ಅಳತೆ ತೆಗೆಸಿ.

ನಿಮ್ಮದು ಹಳೆಯ ಐನ್‌ಮನೆ, ಅಂದರೆ ಕೊಡವ ಕುಟುಂಬದ ಮೂಲಮನೆ ಆಗಿದ್ದರೆ ಮಾತ್ರ ನನ್ನ ಉತ್ತರ ಬೇರೆ. ಕೈಯಾಲೆಯ (ಮುಂದಿನ ವರಾಂಡದ) ಕೆತ್ತನೆ ಕಂಬಗಳಿಗೆ ಡ್ರಿಲ್ ಹಾಕಿಸಬೇಡಿ, ಐಮರದ (ಕಂಬಗಳ ನಡುವೆ ಕೂರುವ ಮರದ ಹಲಗೆಯ) ಮೇಲೆ ಫ್ರೇಮ್ ಕೂರಿಸಬೇಡಿ. ಹೋದ ಮರ ಮತ್ತೆ ಸಿಗುವುದಿಲ್ಲ. ಅಲ್ಲಿಗೆ ಪರದೆಯೇ ಸರಿ.

ವರಾಂಡವನ್ನು ಹೊರಗೆ ವಿಸ್ತರಿಸುವುದಾದರೆ ನಗರಸಭೆಯಲ್ಲೋ ಪಂಚಾಯಿತಿಯಲ್ಲೋ ಮೊದಲೇ ವಿಚಾರಿಸಿ. ಜಾಗಕ್ಕಾಗಿ ಬರೆ (ಮನೆ ಪಕ್ಕದ ಗುಡ್ಡದ ಇಳಿಜಾರು) ಕೊರೆಯಬೇಕು ಅಂತ ಯಾರಾದರೂ ಹೇಳಿದರೆ ಒಪ್ಪಲೇಬೇಡಿ. 2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡಗಳು ಹೇಗೆ ಕುಸಿದವು ಅಂತ ನೋಡಿದ್ದೇವೆ ಅಲ್ವಾ.

ಕಾಫಿ ಕುಯ್ಲಿನ ಸಮಯದಲ್ಲಿ ಕೆಲಸದವರು ಸಿಗುವುದು ಕಷ್ಟ. ಫೆಬ್ರವರಿ ಕೊನೆಗೆ ಶುರು ಮಾಡಿ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬೀಳುವ ಹೊತ್ತಿಗೆ ಗಾಜು ಕೂತಿದ್ದರೆ ಎಲ್ಲಿ ಸೋರುತ್ತದೆ ಅಂತ ಗೊತ್ತಾಗುತ್ತದೆ, ಜೂನ್‌ಗೆ ಮೊದಲು ಸರಿ ಮಾಡಿಸಲು ಸಮಯವೂ ಇರುತ್ತದೆ. ಕೊನೆಯ ಕಂತಿನ ಹಣ ಒಂದು ಜೋರು ಮಳೆ ಆದ ಮೇಲೆಯೇ ಕೊಡುತ್ತೇನೆ ಅಂತ ಅಡ್ವಾನ್ಸ್ ಕೊಡುವ ದಿನವೇ ಮಾತಾಡಿಕೊಳ್ಳಿ.