ಮರ್ಕೆಲ್ ಲೇಖನ: ಬಾಲ್ಯ ಕತ್ತರಿಸಿ, 1990ಕ್ಕೆ ಜಾಗ ಕೊಡಿ

ನಮಸ್ಕಾರ,

ಜರ್ಮನಿಯ ಮಾಜಿ ಚಾನ್ಸಲರ್ ಏಂಜೆಲಾ ಮರ್ಕೆಲ್ ವಿಜ್ಞಾನ ಬಿಟ್ಟು ರಾಜಕಾರಣಕ್ಕೆ ಬಂದದ್ದರ ಬಗ್ಗೆ ನೀವು ಕಳಿಸಿದ ಲೇಖನ ಓದಿದೆವು. ಭಾಷೆ ಸಲೀಸಾಗಿದೆ. ಆದರೆ ಈಗಿರುವ ಹಾಗೆ ಹಾಕಲು ಬರುವುದಿಲ್ಲ.

ಎಂಟು ಪುಟದಲ್ಲಿ ಮೂರು ಪೂರ್ವ ಜರ್ಮನಿಯ ಟೆಂಪ್ಲಿನ್ ಊರಿನ ಬಾಲ್ಯಕ್ಕೇ ಹೋಗಿವೆ. ಆಮೇಲೆ, ಬರ್ಲಿನ್ ಗೋಡೆ ತೆರೆದ 1989ರ ನವೆಂಬರ್ 9ರಿಂದ ಒಂದೇ ನೆಗೆತಕ್ಕೆ 1991ರ ಜನವರಿಯಲ್ಲಿ ಚಾನ್ಸಲರ್ ಹೆಲ್ಮುಟ್ ಕೋಲ್ ಸಂಪುಟದ ಮಂತ್ರಿಗಿರಿಗೆ ಹಾರಿದ್ದೀರಿ. ನಡುವಿನ ಹದಿನಾಲ್ಕು ತಿಂಗಳೇ ಅಲ್ಲವೇ ಕಥೆ?

'ಜನಪ್ರಿಯತೆಯ ಅಲೆಯಲ್ಲಿ ಮೇಲೆ ಬಂದರು' ಎಂದಿದ್ದೀರಿ. ಅಲೆ ಎಲ್ಲಿತ್ತು? ಅವರು ಮೊದಲು ಸೇರಿದ್ದು ಕೋಲ್ ಅವರ ಪಕ್ಷವಾದ ಸಿಡಿಯು (ಕ್ರಿಶ್ಚಿಯನ್ ಡೆಮಾಕ್ರಟಿಕ್ ಯೂನಿಯನ್) ಅಲ್ಲ, 'ಡೆಮೊಕ್ರಾಟಿಷರ್ ಆಫ್‌ಬ್ರುಖ್' ಎಂಬ ಪುಟ್ಟ ಪಕ್ಷ. ಅದರ ನಾಯಕ ವೋಲ್ಫ್‌ಗಾಂಗ್ ಶ್ನೂರ್ ಗುಪ್ತ ಪೊಲೀಸ್ ಪಡೆ ಸ್ಟಾಸಿಯ ಮಾಹಿತಿದಾರ ಎಂಬುದು ಪೂರ್ವ ಜರ್ಮನಿಯ ಸಂಸತ್ ಚುನಾವಣೆಯ ಮತದಾನಕ್ಕೆ ಕೆಲವೇ ದಿನ ಮುಂಚೆ ಬಯಲಾಯಿತು. ಆಗ ಪಕ್ಷದ ವಕ್ತಾರೆ ಇದೇ ಮರ್ಕೆಲ್. 1990ರ ಮಾರ್ಚ್ 18ರಂದು ಪಕ್ಷಕ್ಕೆ ಬಿದ್ದದ್ದು ಶೇ 0.9 ಮತ, 400ರಲ್ಲಿ 4 ಸ್ಥಾನ. ಅದರ ಜೊತೆ ಮೈತ್ರಿಕೂಟದಲ್ಲಿದ್ದ ಪೂರ್ವ ಜರ್ಮನಿಯ ಸಿಡಿಯು ಮಾತ್ರ ಶೇ 40.8 ಬಾಚಿತ್ತು. ಸರ್ಕಾರ ರಚಿಸಿದ ಅದರ ನಾಯಕ ಲೋಥಾರ್ ದ ಮೆಜಿಯೇರ್, ಮಿತ್ರಪಕ್ಷದ ಮರ್ಕೆಲ್ ಅವರನ್ನು ಸರ್ಕಾರದ ಉಪವಕ್ತಾರೆಯಾಗಿ ತೆಗೆದುಕೊಂಡರು. ನೆಲಕಚ್ಚಿದ ಪಕ್ಷದಿಂದ ಅಧಿಕಾರದ ಮಗ್ಗುಲಿಗೆ, ಒಂದೇ ತಿಂಗಳಲ್ಲಿ! ಲೇಖನ ಇಲ್ಲಿಂದಲೇ ಶುರುವಾಗಲಿ. ಸಿಡಿಯು ನಂಟು ಬಂದದ್ದು ವಿಲೀನಗಳಿಂದ: ಆಗಸ್ಟ್‌ನಲ್ಲಿ ಅವರ ಪಕ್ಷ ಪೂರ್ವ ಸಿಡಿಯುವಿನಲ್ಲಿ ಕರಗಿತು, ಅಕ್ಟೋಬರ್ ಮೊದಲಲ್ಲಿ ಅದು ಪಶ್ಚಿಮದ ಸಿಡಿಯುವಿನಲ್ಲಿ.

'ಪ್ರೊಫೆಸರ್ ಮರ್ಕೆಲ್' ಎಂಬುದನ್ನು ಎಲ್ಲ ಕಡೆ ತೆಗೆಯಿರಿ. ಅವರು ಪೂರ್ವ ಬರ್ಲಿನ್‌ನ ವಿಜ್ಞಾನ ಅಕಾಡೆಮಿಯ ಸಂಶೋಧಕಿ. ಡಾಕ್ಟರೇಟ್ 1986ರಲ್ಲಿ, ಕ್ವಾಂಟಮ್ ರಸಾಯನಶಾಸ್ತ್ರದಲ್ಲಿ.

'ಎರಡೂ ದೇಶ ಸೇರಿ ಹೊಸ ಸಂವಿಧಾನ ಬರೆದುಕೊಂಡವು' ಎಂಬ ಸಾಲು ದೊಡ್ಡ ತಪ್ಪು. ಆ ದಾರಿ ಪಶ್ಚಿಮ ಜರ್ಮನಿಯ ಸಂವಿಧಾನವಾದ ಮೂಲ ಕಾನೂನಿನ 146ನೇ ವಿಧಿಯದು, ಅದನ್ನು ಹಿಡಿಯಲಿಲ್ಲ. 23ನೇ ವಿಧಿಯಡಿ ಪೂರ್ವವು ಪಶ್ಚಿಮದ ಗಣರಾಜ್ಯದೊಳಕ್ಕೆ ಸೇರಿತು. ಪೂರ್ವದ ಸಂಸತ್ತು ಆಗಸ್ಟ್ 23ರಂದು 294–62 ಮತಗಳಿಂದ ಒಪ್ಪಿತು. ವಿಲೀನ ಜಾರಿಗೆ ಬಂದದ್ದು ಅಕ್ಟೋಬರ್ 3ರಂದು.

ಜುಲೈ 1ರಂದು ಪೂರ್ವದ ಮಾರ್ಕ್ ಹೋಗಿ ಪಶ್ಚಿಮದ ಮಾರ್ಕ್ ಬಂದ ಹಣದ ಬದಲಾವಣೆಯನ್ನೂ ಸರಿಪಡಿಸಿ. ಸಂಬಳ 1:1 ನಿಜ, ಉಳಿತಾಯವೆಲ್ಲ ಹಾಗಲ್ಲ. ಅರವತ್ತು ತುಂಬದ ವಯಸ್ಕರಿಗೆ 4,000 ಮಾರ್ಕ್‌ವರೆಗೆ 1:1, ಅದರ ಮೇಲಿನದಕ್ಕೆ 2:1, ಅಂದರೆ ಪೂರ್ವದ ಎರಡು ಮಾರ್ಕ್‌ಗೆ ಪಶ್ಚಿಮದ ಒಂದು.

ಬಾಲ್ಯವನ್ನು ಒಂದು ಪ್ಯಾರಾಗೆ ಇಳಿಸಿ, ಡಿಸೆಂಬರ್ 2ರ ಅಖಿಲ ಜರ್ಮನಿ ಚುನಾವಣೆಯವರೆಗೆ ತಿಂಗಳುವಾರು ಬರೆದು ಮತ್ತೆ ಕಳಿಸಿ. ಐದು ಪುಟ ಸಾಕು.

— ಸಂಪಾದಕರು