ಬೇಕರಿ ಶೀಟಿನ ಕೆಳಗೆ ಬಸ್ಸಿಗೆ ಕಾಯುವವರು

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಆಹಾರ ಸಲಹೆ ಕೊಡುವ ನನ್ನ ಬಳಿ ಬಂದ ಮಹಿಳೆ. ವಯಸ್ಸು 38. ಮಡಿಕೇರಿಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಮಕ್ಕಳ ಶಾಲೆಗೆಂದು ಎರಡು ವರ್ಷದ ಹಿಂದೆ ತೋಟದ ಮನೆ ಬಿಟ್ಟು ಪೇಟೆ ಅಂಚಿನ ಬಾಡಿಗೆ ಮನೆಗೆ ಬಂದವರು. ತೂಕ ಒಂಬತ್ತು ಕೆಜಿ ಏರಿದೆ. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ 6.1. ಸಕ್ಕರೆ ಕಾಯಿಲೆಯಲ್ಲ, ಅದರ ಹೊಸ್ತಿಲು, 6.5 ಮುಟ್ಟಿದರೆ ಒಳಗೆ.

ಅವರು ಬಂದದ್ದು ಸಕ್ಕರೆಗಲ್ಲ. "ನಿನಗೆ ಬಾಯಿಚಪಲ ಜಾಸ್ತಿ ಅಂತ ಅತ್ತೆ ನೆಂಟರ ಎದುರೇ ಅಂದ್ರು ಮೇಡಂ. ನಿಜಾನೇ ಇರ್ಬೇಕು." ಅತ್ತುಬಿಟ್ಟರು.

ನಾನು ಚಪಲದ ಮಾತು ಎತ್ತಲಿಲ್ಲ. ಸಂಜೆ ಮನೆಗೆ ಹೋಗುವ ದಾರಿ ಬರೆದು ತೋರಿಸಿ ಅಂದೆ. ಹಳೆ ಬಿಲ್ಲಿನ ಹಿಂದೆ ಗೆರೆ ಎಳೆದರು. ಐದೂವರೆಗೆ ಕೆಲಸ ಬಿಡುತ್ತೆ, ಬಸ್ಸು ಆರೂಕಾಲಿಗೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ನಿಲ್ಲಲು ಇರುವುದೊಂದೇ ಜಾಗ, ಬೇಕರಿ ಶೀಟಿನ ಕೆಳಗೆ. ಸುಮ್ನೆ ಹೇಗೆ ನಿಲ್ಲುವುದು, ಅಂಗಡಿಯವರು ಏನಂದುಕೊಂಡಾರು? ಒಂದು ಪಫ್ಸ್, ಒಂದು ಟೀ. ಮಕ್ಕಳಿಗೆ ಎರಡು ಬನ್ನು. ಶುಕ್ರವಾರದ ಸಂತೆಗೆ ಹೋಗೋಣ ಅಂದರೆ, ಇವರು ತಲುಪುವಾಗ ಉಳಿದಿರುವುದು ಬಾಡಿದ ಸೊಪ್ಪು. ತೋಟದ ಮನೆಯಲ್ಲಿ ಕೆಸ, ಬಾಳೆ, ಮರಗೆಣಸು ಹಿತ್ತಲಲ್ಲೇ ಇತ್ತು. ತಿನ್ನಬೇಕು ಅನ್ನಿಸಿದರೆ ಒಲೆ ಹಚ್ಚಬೇಕಿತ್ತು. ಇಲ್ಲಿ ಕೈ ಚಾಚಿದರೆ ಸಾಕು.

ಬಾಡಿಗೆ ಕೊಡದೆ ನಿಂತ ಜಾಗಕ್ಕೆ ದಿನಾ ಪಫ್ಸ್ ಲೆಕ್ಕದಲ್ಲಿ ಬಾಡಿಗೆ ಕಟ್ಟುತ್ತಿದ್ದೀರಿ ಅಂದೆ. ಮೊದಲ ಸಲ ನಕ್ಕರು.

ಲೆಕ್ಕ ಬಲ್ಲವರು, ಹಾಗಾಗಿ ಲೆಕ್ಕವನ್ನೇ ಇಟ್ಟೆ. ದಿನಕ್ಕೆ ನಾಲ್ಕು ಟೀ, ಎರಡೆರಡು ಚಮಚ. ಚಮಚಕ್ಕೆ 4 ಗ್ರಾಂ ಹಿಡಿದರೂ 32 ಗ್ರಾಂ ಸಕ್ಕರೆ. 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬನ್ನು ಇನ್ನೂ ಸೇರಿಲ್ಲ. ಇನ್ನು ಪಫ್ಸ್: ಎಣ್ಣೆ, ಡಾಲ್ಡಾಗಳಲ್ಲಿ ಹೃದಯಕ್ಕೆ ಕೆಟ್ಟದಾದ ಟ್ರಾನ್ಸ್ ಕೊಬ್ಬು ಶೇ 2 ಮೀರಬಾರದು ಅಂತ 2022ರಿಂದ ನಿಯಮವಿದೆ. ಒಳ್ಳೆಯದೇ. ಆದರೆ ಮೈದಾ ಮೈದಾನೇ ಅಲ್ವಾ?

ಪಫ್ಸ್ ಬಿಡಿ ಅಂತ ಹೇಳಲಿಲ್ಲ. ಹಸಿದವರಿಗೆ ಆ ಮಾತು ನಿಲ್ಲಲ್ಲ. ಮಧ್ಯಾಹ್ನದ ಡಬ್ಬಿ ಬರೀ ಅನ್ನ, ಸಾರು. ಅದಕ್ಕೇ ನಾಲ್ಕಕ್ಕೆ ಹೊಟ್ಟೆ ಕೂಗುವುದು. ಡಬ್ಬಿಗೆ ಹೆಸರುಕಾಳಿನ ಪಲ್ಯ ಸೇರಲಿ, ಐದಕ್ಕೆ ಒಂದು ಬೇಯಿಸಿದ ಮೊಟ್ಟೆ ಅಂದೆ. ಟೀಗೆ ಒಂದೇ ಚಮಚ. ಶುಕ್ರವಾರ ಮಧ್ಯಾಹ್ನ ಅರ್ಧ ಗಂಟೆ ಬಿಡುವು ಕೇಳಿ ಸಂತೆಗೆ ಹೋಗಿ. ನಿಲ್ಲುವ ಜಾಗ ಬದಲಿಸಿ. ಡಾಕ್ಟರ ಬಳಿ ಮೂರು ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ. ಅತ್ತೆಗೆ ಆ ಬಿಲ್ಲಿನ ನಕ್ಷೆ ತೋರಿಸಿ, ವಾದ ಬೇಡ.

ತಿಂಗಳ ನಂತರ ಬಂದರು. ಸಂತೆಗೆ ಬಿಡುವು ಸಿಕ್ಕಿರಲಿಲ್ಲ. ಅತ್ತೆಯೇ ಈಗ ಶುಕ್ರವಾರ ಚೀಲ ಹಿಡಿದು ಹೋಗುತ್ತಾರಂತೆ. ಇವರು ಎದುರಿನ ಮೆಡಿಕಲ್ ಶಾಪಿನ ಶೀಟಿನ ಕೆಳಗೆ ನಿಲ್ಲುತ್ತಿದ್ದಾರೆ.

"ಅಲ್ಲೂ ಕೌಂಟರ್ ಮೇಲೆ ಚಾಕೊಲೇಟ್ ಡಬ್ಬ ಇಟ್ಟಿದ್ದಾರೆ ಮೇಡಂ."