ಕಣ್ಣು ಕಾಣದವರು, ಕಿವಿ ಕೇಳದವರು, ವೀಲ್‌ಚೇರ್‌ನವರು ಯಕ್ಷಗಾನಕ್ಕೆ ಬರಲು ಏನೇನು ಏರ್ಪಾಡು ಮಾಡಬೇಕು?

ಸುರತ್ಕಲ್ ಹತ್ತಿರ ಗದ್ದೆಯಲ್ಲಿ ಕಾಲಮಿತಿಯ (ರಾತ್ರಿಯಿಡೀ ಅಲ್ಲದ, ಕೆಲವೇ ಗಂಟೆಗಳ) ‘ಶ್ರೀದೇವಿ ಮಹಾತ್ಮೆ’ ಆಟ ಆಡಿಸುತ್ತಿದ್ದೇವೆ, ವಿದೇಶದ ಒಪೆರಾಗಳಲ್ಲಿ ವಿಕಲಚೇತನರಿಗೆ ಮಾಡುವಂಥ ಏರ್ಪಾಡು ನಮ್ಮ ಆಟಕ್ಕೂ ಆಗುತ್ತದಾ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ. ನಾನು ಮಂಗಳೂರಿನವಳು. ನಮ್ಮ ಅಣ್ಣ ವೀಲ್‌ಚೇರ್‌ನಲ್ಲೇ ಆಟ ನೋಡುವವರು. ನಮ್ಮ ಬಳಗ ಆಟ ಆಡಿಸುವಾಗ ಈ ಕೆಲಸ ನನ್ನ ಪಾಲಿಗೆ ಬರುತ್ತದೆ.

ಒಪೆರಾದಿಂದ ಏನನ್ನು ತೆಗೆದುಕೊಳ್ಳಬಹುದು, ಏನನ್ನು ಬಿಡಬೇಕು ಎನ್ನುವುದು ಮೊದಲು ಗೊತ್ತಿರಬೇಕು. ರಂಗದ ಮೇಲ್ಗಡೆ ಹಾಡಿನ ಸಾಲುಗಳನ್ನು ತೋರಿಸುವ ಪದ್ಧತಿ 1983ರಲ್ಲಿ ಕೆನಡಾದ ಟೊರಾಂಟೊದಲ್ಲಿ ಒಂದು ಜರ್ಮನ್ ಒಪೆರಾಕ್ಕೆ ಶುರುವಾಯಿತು. ಭಾಷೆ ಬಾರದವರಿಗೆಂದು ಮಾಡಿದ್ದು ಕಿವಿ ಕೇಳದವರಿಗೂ ಉಪಯೋಗಕ್ಕೆ ಬಂತು. ಒಪೆರಾದಲ್ಲಿ ಪ್ರತಿ ಸಾಲೂ ಮೊದಲೇ ಬರೆದಿಟ್ಟದ್ದು. ನಮ್ಮಲ್ಲಿ ಪದ ಮಾತ್ರ ಹಾಗೆ, ಅರ್ಥ ಹಾಗಲ್ಲ. ಭಾಗವತರು ಹಾಡುವ ಪದ ಪ್ರಸಂಗದ ಪುಸ್ತಕದಲ್ಲಿದೆ. ವೇಷಧಾರಿ ಹೇಳುವ ಅರ್ಥ ಆ ಕ್ಷಣಕ್ಕೆ ಹುಟ್ಟುತ್ತದೆ. ಇವತ್ತಿನ ದೇವಿ ಹೇಳಿದ್ದನ್ನು ನಾಳಿನ ದೇವಿ ಹೇಳುವುದಿಲ್ಲ.

ಹಾಗಾಗಿ ಪದವನ್ನು ಪರದೆಯಲ್ಲಿ ತೋರಿಸಿ. ರಂಗಸ್ಥಳದ ಪಕ್ಕದಲ್ಲೇ ಇರಲಿ, ಕಪ್ಪು ಹಿನ್ನೆಲೆಗೆ ಬಿಳಿ ಅಕ್ಷರ, ದೊಡ್ಡದಾಗಿ. ಯಾವ ಪದ ಹಾಡುತ್ತಾರೆ, ಯಾವುದು ಬಿಡುತ್ತಾರೆ ಎಂದು ಭಾಗವತರ ಹತ್ತಿರ ಮೊದಲೇ ಕೇಳಿಕೊಳ್ಳಿ. ಲ್ಯಾಪ್‌ಟಾಪ್ ಹತ್ತಿರ ಕೂರುವವರಿಗೆ ಪ್ರಸಂಗ ಗೊತ್ತಿರಲೇಬೇಕು, ಸುಮ್ನೆ ಯಾರನ್ನೋ ಕೂರಿಸಬೇಡಿ. ಪದದ ಕೆಳಗೆ ಈಗಿನ ಕನ್ನಡದಲ್ಲಿ ಎರಡು ಸಾಲಿನ ಸಾರಾಂಶ ಹಾಕಿ. ಹುಟ್ಟಿನಿಂದ ಕಿವಿ ಕೇಳದ ಎಷ್ಟೋ ಜನರಿಗೆ ಸನ್ನೆ ಭಾಷೆಯೇ ಮೊದಲ ಭಾಷೆ, ಪದದ ಹಳೆಯ ಕನ್ನಡ ಅವರಿಗೆ ಜಾಸ್ತಿ ದಕ್ಕುವುದಿಲ್ಲ. ಸಾರಾಂಶ ನೋಡಿ ನಮ್ಮ ಮನೆಯ ಮಕ್ಕಳೂ ಕಥೆ ಹಿಡಿದರು.

ಅರ್ಥಕ್ಕೆ ಸನ್ನೆ ಭಾಷೆಯವರು ಬೇಕು. ಒಬ್ಬರಲ್ಲ, ಇಬ್ಬರು. ಅರ್ಧ ಗಂಟೆ ಕೈ ಆಡಿಸಿದರೆ ಯಾರಿಗಾದರೂ ಸುಸ್ತಾಗುತ್ತದೆ, ಸರದಿಯಲ್ಲಿ ಮಾಡಲಿ. ಕಥೆ, ಪಾತ್ರಗಳ ಹೆಸರು ವಾರ ಮೊದಲೇ ಅವರ ಕೈಯಲ್ಲಿರಲಿ. ವೇಷ ಮತ್ತು ಅವರು ಒಂದೇ ನೋಟಕ್ಕೆ ಸಿಗುವ ಹಾಗೆ ಬದಿಯಲ್ಲಿ ನಿಲ್ಲಿಸಿ, ಮುಖಕ್ಕೂ ಕೈಗೂ ಬೆಳಕು ಬೀಳಬೇಕು. ಮಾತನ್ನು ಅಕ್ಷರ ಮಾಡುವ ಮೊಬೈಲ್ ಆಪ್ ಸಾಕಲ್ವಾ ಎಂದು ಕೇಳುವವರಿದ್ದಾರೆ. ಚೆಂಡೆಯ ನಡುವೆ, ವೇಷಧಾರಿಗಳ ಗ್ರಾಂಥಿಕ ಕನ್ನಡಕ್ಕೆ ಅದನ್ನೇ ನಂಬಿ ಕೂರಬಾರದು.

ಕಿವಿ ಮಂದವಾದ ಹಿರಿಯರ ವಿಷಯ ಬೇರೆ, ಮತ್ತು ಅವರೇ ಜಾಸ್ತಿ ಇರುತ್ತಾರೆ. ಸ್ಪೀಕರ್ ಜೋರು ಮಾಡಿದರೆ ಅವರಿಗೆ ಏನೂ ಲಾಭವಿಲ್ಲ, ಶ್ರವಣ ಯಂತ್ರ ಚೆಂಡೆಯನ್ನೂ ಜೋರು ಮಾಡಿ ಕೊಡುತ್ತದೆ. ಮೈಕ್‌ನವರ ಹತ್ತಿರ ಚೆಂಡೆ ಬಿಟ್ಟು ಬರೀ ಪದ ಮತ್ತು ಮಾತಿನ ಒಂದು ಬೇರೆ ಲೈನ್ ಕೇಳಿ. ಪ್ರವಾಸಿ ಗೈಡ್‌ಗಳು ಬಳಸುವ ಸಣ್ಣ ರಿಸೀವರ್ ಸೆಟ್ ಸಿಕ್ಕಿದರೆ ಅದನ್ನು ಇಯರ್‌ಫೋನ್‌ಗೆ ಕೊಡಬಹುದು.

ಅದೇ ಸೆಟ್ ಕಣ್ಣು ಕಾಣದವರಿಗೂ ಬರುತ್ತದೆ. ಒಪೆರಾದಲ್ಲಿ ಹಾಡಿನ ನಡುವಿನ ಬಿಡುವಿನಲ್ಲಿ ಒಬ್ಬರು ರಂಗದ ಮೇಲೆ ಆಗುವುದನ್ನು ಕಿವಿಯಲ್ಲಿ ಹೇಳುತ್ತಾರೆ. ನಮ್ಮಲ್ಲಿ ಇದು ಇನ್ನೂ ಸುಲಭ. ಪದ, ಅರ್ಥ ಎರಡೂ ಕಿವಿಗೇ ಬರುತ್ತವೆ, ಅಲ್ಲಿ ಯಾರೂ ಬಾಯಿ ಹಾಕಬಾರದು. ಕೂತು ಬರೀ ಪದ, ಅರ್ಥದಲ್ಲಿ ಕಥೆ ನಡೆಸುವ ತಾಳಮದ್ದಳೆಯಲ್ಲಂತೂ ವೇಷವೇ ಇಲ್ಲ, ಇಡೀ ಊಟ ಕಿವಿಗೇ. ಆಟದಲ್ಲಿ ಅವರಿಗೆ ತಪ್ಪಿಹೋಗುವುದು ಕುಣಿತ, ಧಿಗಿಣ (ಗಿರಗಿರನೆ ಹಾರಿ ಸುತ್ತುವುದು), ಯುದ್ಧ. ಆಗ ಮಾತಿರುವುದಿಲ್ಲ, ಬರೀ ಚೆಂಡೆ. ಹೇಳುವವರಿಗೆ ಬೇಕಾದಷ್ಟು ಜಾಗ. ‘ಅದ್ಭುತವಾಗಿ ಕುಣಿಯುತ್ತಿದ್ದಾರೆ’ ಎಂದರೆ ಏನೂ ಹೇಳಿದ ಹಾಗಾಗಲಿಲ್ಲ. ‘ಚಂಡ ಬಲಗಾಲೂರಿ ಗಿರ್ರನೆ ತಿರುಗುತ್ತಿದ್ದಾನೆ, ಮುಂಡ ಹಿಂದೆ ಸರಿದ’ ಎನ್ನಬೇಕು.

ಒಪೆರಾದವರ ಇನ್ನೊಂದು ಪದ್ಧತಿ ನನಗೆ ಎಲ್ಲಕ್ಕಿಂತ ಇಷ್ಟ. ಕಣ್ಣು ಕಾಣದವರನ್ನು ಪ್ರದರ್ಶನಕ್ಕೆ ಮೊದಲು ರಂಗಕ್ಕೆ ಕರೆದು ಉಡುಪು, ಸಾಮಾನು ಮುಟ್ಟಿ ನೋಡಲು ಬಿಡುತ್ತಾರೆ. ನಮಗೆ ಚೌಕಿ, ಅಂದರೆ ವೇಷ ಕಟ್ಟುವ ಜಾಗ, ಇದೆಯಲ್ಲ! ಮೇಳದ ಮ್ಯಾನೇಜರರನ್ನು ಮೊದಲೇ ಕೇಳಿ, ಬಣ್ಣಕ್ಕೆ ಕೂರುವ ಮೊದಲಿನ ಹೊತ್ತು ಗೊತ್ತು ಮಾಡಿಕೊಳ್ಳಿ. ಚೌಕಿಯಲ್ಲಿ ದೇವರಿರುತ್ತಾರೆ, ಚಪ್ಪಲಿ ಹೊರಗೆ ಬಿಡಬೇಕು ಎಂದೂ ಬರುವವರಿಗೆ ತಿಳಿಸಿ. ನಮ್ಮ ಆಟದಲ್ಲಿ ಒಬ್ಬ ಹುಡುಗಿ ಕಿರೀಟವನ್ನು ತೊಡೆಯ ಮೇಲಿಟ್ಟುಕೊಂಡು ಅಂಚಿನಿಂದ ತುದಿಯವರೆಗೆ ಬೆರಳಾಡಿಸಿದಳು. ಕನ್ನಡಿ ಚೂರುಗಳ ಹತ್ತಿರ ನಿಂತು ‘ಇದು ತಣ್ಣಗಿದೆ, ಇದೇನು?’ ಎಂದು ಕೇಳಿದಳು. ಕಲಾವಿದರೇ ಕೂತು ಹೇಳಿದರು. ಗೆಜ್ಜೆ ಕಟ್ಟಿಸಿಕೊಂಡು ಎರಡು ಹೆಜ್ಜೆಯನ್ನೂ ಹಾಕಿದಳು. ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಮುಖದ ಚುಟ್ಟಿ ಮಾತ್ರ ಮುಟ್ಟಿಸುವ ಹಾಗಿಲ್ಲ. ಅಕ್ಕಿ ಹಿಟ್ಟಿನ ಆ ಮುಳ್ಳುಗಳನ್ನು ಇಡಲು ಗಂಟೆಗಟ್ಟಲೆ ಬೇಕು, ಬೆರಳು ತಾಗಿದರೆ ಉದುರುತ್ತವೆ. ಒಂದು ಹಲಗೆಯ ಮೇಲೆ ನಾಲ್ಕು ಸಾಲು ಇಟ್ಟು ಒಣಗಿಸಿ ಕೊಡಿ.

ವೀಲ್‌ಚೇರ್‌ಗೆ ಗದ್ದೆಯೇ ದೊಡ್ಡ ತೊಡಕು. ರಸ್ತೆಯಿಂದ ಕೂರುವ ಜಾಗದವರೆಗೆ ಪ್ಲೈವುಡ್ ಹಾಸಿ, ಕೀಲು ಹೊಡೆದು ಅಲುಗದ ಹಾಗೆ ಮಾಡಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಹುಣಿಗೆ (ಗದ್ದೆಯ ಬದುವಿಗೆ) ಒಂದು ಹಲಗೆ ಒರಗಿಸಿದರೆ ಅದು ರ‍್ಯಾಂಪ್ ಅಲ್ಲ, ಜಾರುಬಂಡಿ. ನಾಲ್ಕು ಜನ ಸೇರಿ ಎತ್ತುತ್ತೇವೆ ಎನ್ನಬೇಡಿ, ಅಣ್ಣನಿಗೆ ಅದು ಎಷ್ಟು ಮುಜುಗರ ಎಂದು ನಾನು ಕಂಡಿದ್ದೇನೆ. ಸಾಲಿನ ಮಧ್ಯೆ ಕುರ್ಚಿ ತೆಗೆದು ಜಾಗ ಬಿಡಿ, ಪಕ್ಕದಲ್ಲಿ ಮನೆಯವರ ಕುರ್ಚಿ ಇರಲಿ. ತೀರಾ ಹಿಂದೆ ಬೇಡ, ಎದುರಿನವರು ಎದ್ದು ನಿಂತರೆ ಮುಗಿಯಿತು. ಮಹಿಷಾಸುರ ದೊಂದಿ (ಪಂಜು) ಹಿಡಿದು ಜನರ ನಡುವಿನಿಂದ ಬರುವ ದಾರಿಯಲ್ಲೂ ಬೇಡ. ಶೌಚಾಲಯದ ಬಾಗಿಲು 90 ಸೆಂಟಿಮೀಟರ್ ಅಗಲ ಇದೆಯಾ ಎಂದು ನೀವೇ ಅಳೆದು ನೋಡಿ. ಬೇರೆಲ್ಲ ಸರಿ ಮಾಡಿ ಇದನ್ನು ಮರೆತರೆ ಅವರು ಬರುವುದಿಲ್ಲ.

ಮಹಿಷಾಸುರನ ಮಾತು ಬಂತಲ್ಲ, ಆಟಿಸಂ ಇರುವ ಮಕ್ಕಳ ತಂದೆ ತಾಯಿಗೆ ಆ ಪ್ರವೇಶ ಸುಮಾರು ಎಷ್ಟು ಹೊತ್ತಿಗೆ ಎಂದು ಮೊದಲೇ ತಿಳಿಸಿ. ರಾಳದ ಬೆಂಕಿ, ಆರ್ಭಟ, ಚೆಂಡೆ ಒಟ್ಟಿಗೇ ಬಂದರೆ ಕೆಲವು ಮಕ್ಕಳಿಗೆ ತಡೆಯಲು ಆಗುವುದಿಲ್ಲ. ದೂರದಲ್ಲಿ ಒಂದು ಶಾಂತ ಜಾಗ ಇದ್ದರೆ ಸಾಕು. ಎದ್ದು ಹೋಗಿ ಮತ್ತೆ ಬರುವುದು ಬಯಲಾಟದಲ್ಲಿ ಹೇಗೂ ಇದ್ದದ್ದೇ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಕಲೆ, ಮನರಂಜನೆಯ ಮಾತೂ ಇದೆ. ‘ಅವರು ಮನೆಯಲ್ಲೇ ಯೂಟ್ಯೂಬ್‌ನಲ್ಲಿ ನೋಡಲಿ’ ಎಂದು ನಿಮ್ಮ ಸಮಿತಿಯಲ್ಲಿ ಯಾರಾದರೂ ಅಂದರೆ ಅದನ್ನು ನೆನಪಿಸಿ. ಇನ್ನೊಂದು ವಿನಂತಿ: ಬಂದವರನ್ನು ವೇದಿಕೆಗೆ ಕರೆದು ಶಾಲು ಹೊದಿಸಬೇಡಿ. ಅವರು ಆಟ ನೋಡಲು ಬಂದವರು.

ಎಲ್ಲವೂ ಈ ವರ್ಷವೇ ಆಗಲಿಕ್ಕಿಲ್ಲ. ದಾರಿ, ಶೌಚಾಲಯ, ಪದದ ಪರದೆ, ಚೌಕಿ ಭೇಟಿ, ಇವಿಷ್ಟು ಕಡಿಮೆ ಖರ್ಚಿನಲ್ಲಿ ಆಗುತ್ತವೆ. ಆಮಂತ್ರಣದಲ್ಲಿ ಇದನ್ನೆಲ್ಲ ಬರೆದು ಒಂದು ಫೋನ್ ನಂಬರ್ ಕೊಡಿ, ಓದಲಾಗದವರಿಗೆ ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಕಳಿಸಿ. ಫೋನ್ ಮಾಡಿದವರ ಹತ್ತಿರ ಏನು ಬೇಕು ಎಂದು ಕೇಳಿ, ಜೊತೆಗೆ ವಾಪಸ್ ಹೇಗೆ ಹೋಗುತ್ತೀರಿ ಎಂದೂ ಕೇಳಿ. ಆಟ ಮುಗಿಯುವ ಹೊತ್ತಿಗೆ ಬಸ್ ಇರುವುದಿಲ್ಲ, ಗೊತ್ತಿರುವ ಎರಡು ರಿಕ್ಷಾದವರಿಗೆ ಮೊದಲೇ ಹೇಳಿಟ್ಟಿರಿ.